ಹೊರಗೆ ಕೂರದವಳ ಭರಣಿ

ಎರಡು ಸಾವಿರದ ಐದನೇ ಇಸವಿಯ ಮಾರ್ಚ್‌ನಲ್ಲಿ ಅಜ್ಜಿಯ ದ್ರಾಕ್ಷಿ ಭರಣಿ ಹುಳಿಯಾಯಿತು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ: 'ಭರಣಿ ಹಾಳು. ತಪ್ಪು ನನ್ನ ಮೇಲೆ.'

ನಮ್ಮ ಮನೆಯಲ್ಲಿ ಅದನ್ನು ಯಾರೂ ವೈನ್ ಎನ್ನುತ್ತಿರಲಿಲ್ಲ. ಕಷಾಯ ಎನ್ನುತ್ತಿದ್ದರು. ಬಯಲುಸೀಮೆಯಿಂದ ಲಾರಿಯಲ್ಲಿ ಬಂದು ಕೊಪ್ಪದ ಸಂತೆಯಲ್ಲಿ ಇಳಿಯುವ ಕಪ್ಪು ದ್ರಾಕ್ಷಿಯನ್ನು ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗದ ಜೊತೆ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೂರು ವಾರ ಉಗ್ರಾಣದ ಕತ್ತಲೆಯಲ್ಲಿ ಇಟ್ಟರೆ ಆಗುವ ಕಷಾಯ. ಊಟದ ಮೇಲೆ ಅರ್ಧ ಲೋಟ ಕುಡಿದರೆ ಅಪ್ಪನ ಕಿವಿ ಕೆಂಪಾಗುತ್ತಿತ್ತು. ಆದರೂ ಅದು ಜೀರ್ಣಕ್ಕೆ. ಆ ಭರಣಿಯನ್ನು ಮುಟ್ಟುವ ಅಧಿಕಾರ ಅಜ್ಜಿಗೆ ಮಾತ್ರ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಮಡಿಸೀರೆ ಉಟ್ಟು, ಸೌಟನ್ನು ಬಾವಿ ನೀರಿನಲ್ಲಿ ತೊಳೆದುಕೊಂಡು, ನೀರು ತೊಟ್ಟಿಕ್ಕುವ ಕೈಯಲ್ಲೇ ಉಗ್ರಾಣಕ್ಕೆ ಹೋಗಿ ಭರಣಿಯ ಬಟ್ಟೆ ಬಿಚ್ಚಿ ಕೈಯಾಡಿಸಿ ಬರುತ್ತಿದ್ದಳು. ಅವಳು ನಡೆದ ಜಾಗದಲ್ಲಿ ನೆಲದ ಮೇಲೆ ನೀರಿನ ಗೆರೆ ಉಳಿಯುತ್ತಿತ್ತು.

ಆ ಬೆಳಿಗ್ಗೆ ಉಗ್ರಾಣದಿಂದ ಹೊರಗೆ ಬಂದವಳೇ ಜಗಲಿಯಲ್ಲಿ ನಿಂತು ಕೇಳಿದಳು: "ಯಾರು ಮುಟ್ಟಿದ್ದು?"

ಅಮ್ಮ ನನ್ನನ್ನು ನೋಡಿದಳು. ಅಪ್ಪ ಪೇಪರಿನಿಂದ ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಪೇಪರನ್ನು ಮುಖಕ್ಕಿಂತ ಮೇಲಕ್ಕೆ ಎತ್ತಿಕೊಂಡ. ಹಿಂದಿನ ವಾರ ನಾನು 'ಹೊರಗೆ' ಇದ್ದೆ. ನಮ್ಮಲ್ಲಿ ತಿಂಗಳ ಆ ಮೂರು ದಿನ ಹೆಂಗಸರು ಹಿತ್ತಿಲ ಜಗಲಿಯ ಮೂಲೆಯಲ್ಲಿ ಕೂರಬೇಕು. ಒಂದು ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಊಟವನ್ನು ದೂರದಿಂದ ಬಡಿಸುತ್ತಾರೆ. ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆಗೆ ನಾನು ಓದಿಕೊಂಡದ್ದೂ ಅರ್ಧ ಆ ಮೂಲೆಯಲ್ಲೇ.

"ಕೂಸೇ, ಹೊರಗಿದ್ದಾಗ ಉಗ್ರಾಣದ ಬಾಗಿಲ ಹತ್ರ ಹೋಗಿದ್ಯಾ?"

"ಇಲ್ಲ ಅಜ್ಜಿ."

"ನೆರಳು ಬಿದ್ರೂ ಸಾಕು."

"ನಿನ್ನ ಉಗ್ರಾಣದಲ್ಲಿ ಬೆಳಕೇ ಇಲ್ಲ. ನೆರಳು ಎಲ್ಲಿಂದ ಬೀಳ್ತದೆ?"

"ಸುಮ್ನಿರೇ ಮಾರಾಯ್ತಿ," ಎಂದಳು ಅಮ್ಮ.

ನಾನು ಸುಮ್ಮನಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಸುಮ್ಮನಿದ್ದೆ. ಉಪ್ಪಿನಕಾಯಿ ಬೂಷ್ಟು ಹಿಡಿದರೆ ನಾನು, ಹಾಲು ಒಡೆದರೆ ನಾನು, ವೀಳ್ಯದ ಬಳ್ಳಿ ಸೊರಗಿದರೂ ನಾನು. ಡೈರಿ ಇಡಲು ಶುರುಮಾಡಿದ ಮೇಲೆ ಇವನ್ನೆಲ್ಲ ತಾರೀಖಿನ ಸಮೇತ ಬರೆದುಕೊಂಡಿದ್ದೆ. ಅದರಲ್ಲಿ ಅರ್ಧದಷ್ಟು ಸಲ ನಾನು ಊರಿನಲ್ಲೇ ಇರಲಿಲ್ಲ. ಅದನ್ನು ತೋರಿಸಿದರೆ ಅಜ್ಜಿ ಓದುವವಳಲ್ಲ, ಅವಳಿಗೆ ಬರಹ ಬೇಡ, ಭರಣಿ ಬೇಕು. ಹಾಗಾಗಿ ಭರಣಿಯ ಮೇಲೆಯೇ ಪಂಥ ಕಟ್ಟಿದೆ.

"ನಾನು ಹೊರಗಿರೋ ದಿನವೇ ನನ್ನ ಕೈಯಾರೆ ಒಂದು ಭರಣಿ ಹಾಕ್ತೇನೆ. ಹುಳಿಯಾಗ್ಲಿಲ್ಲ ಅಂದ್ರೆ ಇನ್ನು ಮುಂದೆ ನಾನು ಹೊರಗೆ ಕೂರೋದಿಲ್ಲ."

"ಹುಳಿಯಾದ್ರೆ?"

"ಬದುಕಿರೋವರೆಗೆ ಬಾಯಿ ಮುಚ್ಕೊಂಡು ಕೂರ್ತೇನೆ."

ಅಜ್ಜಿ ಚನ್ನೆಮಣೆ ಆಟದವಳು. ಊರಿನಲ್ಲಿ ಅವಳನ್ನು ಸೋಲಿಸಿದವರು ಕಡಿಮೆ, ಪಂಥದಿಂದ ಅವಳು ಹಿಂದೆ ಸರಿದದ್ದು ಇಲ್ಲವೇ ಇಲ್ಲ. ಕಣ್ಣು ಸಣ್ಣ ಮಾಡಿ ನನ್ನನ್ನು ನೋಡಿದಳು. "ಆಯ್ತು. ಆದ್ರೆ ನನ್ನ ಸೂರಿನ ಕೆಳಗೆ ಆ ಭರಣಿ ಬೇಡ. ಎಲ್ಲಾದ್ರೂ ಹೋಗಿ ಹಾಕು. ಮೂರು ವಾರ ಆದ್ಮೇಲೆ ತಾ, ನಾನೇ ಬಾಯಿಗೆ ಬಿಟ್ಟು ನೋಡ್ತೇನೆ."

ಸೂರು ಬೇಡವೆಂದರೆ ಎಲ್ಲಿ ಹಾಕುವುದು? ಅದಕ್ಕೆ ಉತ್ತರ ಏಪ್ರಿಲ್ ಕೊನೆಯಲ್ಲಿ ತಾನಾಗಿ ಹಾರ್ನ್ ಹೊಡೆಯುತ್ತ ಅಂಗಳಕ್ಕೆ ಬಂತು.

ಅಪ್ಪನ ತಂಗಿ, ನನ್ನ ಅತ್ತೆ, ಎನ್.ಆರ್. ಪುರದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಮದುವೆ ಬೇಡ ಎಂದಿದ್ದಳು, ಬೇಡ ಎಂದದ್ದನ್ನು ಉಳಿಸಿಕೊಂಡಿದ್ದಳು. ನಲವತ್ತರ ಮೇಲೆ ಡ್ರೈವಿಂಗ್ ಕಲಿತು, ಬೇಕರಿಯೊಂದು ಮಾರಿದ ಹಳೆಯ ಮೆಟಡಾರ್ ವ್ಯಾನ್ ಕೊಂಡಿದ್ದಳು. ಬನ್ನಿನ ಟ್ರೇ ಜೋಡಿಸುವ ಕಬ್ಬಿಣದ ಹಲ್ಲುಗಳ ಮೇಲೆ ಹಲಗೆ ಹಾಕಿಸಿ ಎರಡು ಮಲಗುವ ಜಾಗ ಮಾಡಿದ್ದಳು. ಒಂದು ಸೀಮೆಎಣ್ಣೆ ಸ್ಟೌ, ನಲ್ಲಿ ಇರುವ ಒಂದು ನೀರಿನ ಡ್ರಮ್ಮು, ಹಳೇ ಸೀರೆಯ ಕರ್ಟನ್ನು. ಬಿಸಿಲಿಗೆ ನಿಂತರೆ ಒಳಗೆ ಇನ್ನೂ ಬನ್ನಿನ ಪರಿಮಳ ಏಳುತ್ತಿತ್ತು. ಬೇಸಿಗೆ ರಜೆಯಲ್ಲಿ ಶೃಂಗೇರಿಯಿಂದ ತುಂಗೆಯ ದಂಡೆ ಹಿಡಿದು ಇಳಿದು ಬಂದು, ಆಮೇಲೆ ಎನ್.ಆರ್. ಪುರದ ಭದ್ರಾ ಹಿನ್ನೀರಿನವರೆಗೆ ಹೋಗುವುದು, ದಾರಿಯಲ್ಲಿ ಯಾರ ಯಾರ ಅಟ್ಟದ ಮೇಲೆ ಎಂತೆಂಥ ವೈನ್ ಇದೆಯೋ ಕೇಳಿ, ಕುಡಿದು, ಕಲಿಯುವುದು, ಇದು ಅವಳ ಲೆಕ್ಕಾಚಾರ. ಜೊತೆಗೆ ನನ್ನನ್ನೂ ಕರೆದಳು. ನಮ್ಮ ಹೊಳೆ ಬದಿಯಲ್ಲಿ ದ್ರಾಕ್ಷಿ ತೋಟ ಒಂದೂ ಇಲ್ಲ. ವೈನ್ ಇಲ್ಲದ ಅಟ್ಟವೂ ಅಷ್ಟೇ ಅಪರೂಪ.

"ಇಬ್ರು ಹೆಂಗಸ್ರು ವ್ಯಾನಲ್ಲಿ ಮಲಗೋದಾ? ಜನ ಎಂತ ಹೇಳ್ತಾರೆ?" ಎಂದ ಅಪ್ಪ.

"ಅವರು ಹೇಳೋದು ಕೇಳ್ಸೋದಿಲ್ಲ ಅಣ್ಣ. ಇದರ ಎಂಜಿನ್ ಅಷ್ಟು ಶಬ್ದ ಮಾಡ್ತದೆ," ಎಂದಳು ಅತ್ತೆ.

ಅಜ್ಜಿ ಒಳಗೆ ಹೋದಳು. ಒಂದು ಸಣ್ಣ ಭರಣಿ ತಂದು ವ್ಯಾನಿನ ಮೆಟ್ಟಿಲ ಮೇಲೆ ಇಟ್ಟಳು, ಕಂದು ಕುತ್ತಿಗೆಯದು. "ಅಳತೆ ಎಲ್ಲ ನನ್ನದೇ ಹಾಕು. ಆಮೇಲೆ ಅಳತೆ ತಪ್ಪಿತು ಅಂತ ನೆಪ ಹೇಳ್ಬೇಡ."

ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜೊಂದರ ಅಂಗಳದಲ್ಲಿ ವ್ಯಾನ್ ನಿಲ್ಲಿಸಬಹುದೇ ಎಂದು ಕೇಳಿದೆವು. ಬಾಗಿಲಲ್ಲಿ ಕೂತಿದ್ದ ಮುದುಕ ವ್ಯಾನಿನ ಒಳಗೆ ಇಣುಕಿ, ಸ್ಟೌ ನೋಡಿ, ಹಲಗೆ ನೋಡಿ, ನಮ್ಮಿಬ್ಬರನ್ನು ನೋಡಿದ.

"ಗಂಡಸ್ರು ಯಾರೂ ಇಲ್ವಾ?"

"ಇದಾರಲ್ಲ," ಎಂದಳು ಅತ್ತೆ. "ಬಾನೆಟ್ ಒಳಗೆ. ಅವರೇ ಎಳೆಯೋದು."

ಅವನು ನಗಲಿಲ್ಲ, ಜಾಗವನ್ನೂ ಕೊಡಲಿಲ್ಲ. ನಾವು ಪೇಟೆ ದಾಟಿ ಹೊಳೆಯ ಪಕ್ಕದ ಒಣಗಿದ ಗದ್ದೆಯೊಂದರಲ್ಲಿ, ಗದ್ದೆಯವರನ್ನು ಕೇಳಿಯೇ, ನಿಲ್ಲಿಸಿದೆವು. ಹೊಳೆ ಬೇಸಿಗೆಗೆ ಇಳಿದು ಬಂಡೆಗಳ ಬೆನ್ನು ಕಾಣುತ್ತಿತ್ತು. ನಾನು ಡೈರಿಯಲ್ಲಿ ಗುರುತು ಮಾಡಿಕೊಂಡಿದ್ದ ದಿನ ಮರುದಿನವೇ ಇತ್ತು. ಅದಕ್ಕಾಗಿಯೇ ಕಾದಿದ್ದೆ. ಆ ದಿನಕ್ಕಾಗಿ ಹಾಗೆ ಕಾದದ್ದು ಬದುಕಿನಲ್ಲಿ ಅದೇ ಮೊದಲು.

ಬೆಳಿಗ್ಗೆ ಅತ್ತೆಗೆ ಹೇಳಿದೆ. "ಬಂತು."

"ಎಲ್ಲಿ ಕೂರ್ತೀಯ? ಟಾಪ್ ಮೇಲಾ?" ಎಂದಳು. ಇಬ್ಬರೂ ನಕ್ಕೆವು. ಅಷ್ಟು ಸಣ್ಣ ವ್ಯಾನಿನಲ್ಲಿ ಹೊರಗೆ ಎಂಬ ಮೂಲೆಯೇ ಇರಲಿಲ್ಲ. ನಾನು ಅವಳ ಪಕ್ಕದಲ್ಲೇ ಕೂತು ಕಾಫಿ ಮಾಡಿದೆ, ಅವಳ ಲೋಟದಲ್ಲೇ ಕುಡಿದೆ.

ಪೇಟೆಯಿಂದ ದ್ರಾಕ್ಷಿ ತಂದೆವು. ಡ್ರಮ್ಮಿನ ನೀರು ಕುಡಿಯಲಿಕ್ಕೇ ಸಾಲದು ಎಂದು ಹಣ್ಣನ್ನು ಹೊಳೆಯಲ್ಲೇ ತೊಳೆದು, ವ್ಯಾನಿನ ಟಾಪಿನ ಮೇಲೆ ಪಂಚೆ ಹಾಸಿ ಒಣಹಾಕಿದೆವು. ಭರಣಿಯನ್ನೂ, ಸೌಟನ್ನೂ, ಅದರ ಜೊತೆಗೆ. ಬಿಸಿಲು ಹಾಗಿತ್ತು, ಅರ್ಧ ಗಂಟೆಯಲ್ಲಿ ಭರಣಿ ಮುಟ್ಟಿದರೆ ಸುಡುವಂತಾಯಿತು. ಅಜ್ಜಿಯ ಅಳತೆಯಲ್ಲಿ ಸಕ್ಕರೆ, ಗೋಧಿ, ಲವಂಗ ಎಲ್ಲ ಹಾಕಿ, ದ್ರಾಕ್ಷಿಯನ್ನು ನನ್ನ ಈ ಎರಡು ಕೈಯಿಂದಲೇ ಹಿಸುಕಿದೆ. ಮೊಣಕೈವರೆಗೆ ನೇರಳೆ ಬಣ್ಣ. ಬಟ್ಟೆ ಕಟ್ಟಿ, ಭರಣಿ ಅಲುಗಾಡದಂತೆ ಒಂದು ಹಳೆ ಟಯರಿನ ನಡುವೆ ಕೂರಿಸಿದೆವು. ಡೈರಿಯಲ್ಲಿ ತಾರೀಖು ಬರೆದು ಪಕ್ಕದಲ್ಲಿ 'ಮೊದಲನೇ ದಿನ' ಎಂದು ಬರೆದೆ. ಆ ಎರಡು ಶಬ್ದಕ್ಕೆ ಎರಡು ಲೆಕ್ಕ ಇದ್ದವು, ಭರಣಿಯದು ಮತ್ತು ನನ್ನದು.

ಮರುದಿನ ನಾರ್ವೆ ಕಡೆ ಒಂದು ಮನೆಗೆ ಹೋದೆವು. ಅಲ್ಲಿ ಪನ್ನೇರಳೆ ಹಣ್ಣಿನ ವೈನ್ ಮಾಡುತ್ತಾರೆಂದು ಅತ್ತೆಯ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದ್ದಳು. ಮನೆಯ ಯಜಮಾನಿ ನಗುನಗುತ್ತ ಬಂದು, ಬಾಗಿಲಲ್ಲಿ ನಿಂತು, ನಮ್ಮ ಕಡೆಯವರು ಕೇಳುವ ಪ್ರಶ್ನೆಯನ್ನೇ ಕೇಳಿದರು: "ಒಳಗೆ ಬರಬಹುದಲ್ಲ, ಎಂತ ತೊಂದರೆ ಇಲ್ಲ ತಾನೇ?"

ಇಲ್ಲ ಎಂದು ಬಿಟ್ಟಿದ್ದರೆ ಒಳಗೆ ಹೋಗಿ ಕೂರಬಹುದಿತ್ತು, ಎಷ್ಟೋ ಜನ ಹಾಗೆ ಹೇಳಿಯೇ ಬದುಕುತ್ತಾರೆ. ನಾನು "ಇದೆ, ಎರಡನೇ ದಿನ" ಎಂದೆ.

ಅವರ ಮುಖದ ನಗು ಹೋಗಲಿಲ್ಲ, ಆದರೆ ಕೈ ಬಾಗಿಲಿಗೆ ಅಡ್ಡ ಬಂತು. "ಹಾಗಾದ್ರೆ ಅಲ್ಲೇ ಇರಿ, ಅಲ್ಲಿಗೇ ತರ್ತೇನೆ." ಎರಡು ಲೋಟ ತಂದು ಅಂಗಳದ ಕಲ್ಲಿನ ಮೇಲಿಟ್ಟು ಹಿಂದೆ ಸರಿದರು. ವೈನ್ ತಿಳಿ ಗುಲಾಬಿ ಬಣ್ಣದ್ದು, ಮೂಗಿಗೆ ಹೂವಿನ ವಾಸನೆ ಹತ್ತುತ್ತಿತ್ತು. ನಾನು ನಿಂತೇ ಕುಡಿದೆ. ಅತ್ತೆಯೂ ಒಳಗೆ ಹೋಗಲಿಲ್ಲ, ನನ್ನ ಜೊತೆ ನಿಂತೇ ಕುಡಿದಳು.

ಆಗ ಸೌದೆ ಕೊಟ್ಟಿಗೆಯ ಕಡೆಯಿಂದ ಒಂದು ದನಿ ಬಂತು. "ಅಕ್ಕಾ, ಇಲ್ಲಿ ಬನ್ನಿ. ನಾನೂ ನಿಮ್ಮ ಪಾರ್ಟಿಯೇ."

ಆ ಮನೆಯ ಸೊಸೆ. ಸೌದೆ ರಾಶಿಯ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅದೇ ಬೇರೆ ತಟ್ಟೆ, ಅದೇ ಬೇರೆ ಚೊಂಬು. ನನಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವಳು ಇರಬಹುದು. ಎದ್ದು ಬಂದು ವ್ಯಾನಿನ ಒಳಗೆ ಇಣುಕಿದಳು.

"ಇದು ಒಳಗಾ ಹೊರಗಾ?"

"ಡೀಸೆಲ್ ಇರೋವರೆಗೆ ಒಳಗೆ," ಎಂದಳು ಅತ್ತೆ.

ಅವಳು ಹತ್ತಿ ಕೂತೇಬಿಟ್ಟಳು. ಹಲಗೆಯ ಮೇಲೆ ಕಾಲು ಚಾಚಿ, ಕರ್ಟನ್ ಸರಿಸಿ ನೋಡಿ, ಟಯರಿನ ನಡುವಿನ ಭರಣಿ ಏನೆಂದು ಕೇಳಿದಳು. ನಾನು ಪಂಥದ ಕತೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಒಂದು ರೌಂಡ್ ಕರ್ಕೊಂಡು ಹೋಗಿ, ಹೊಳೆವರೆಗೆ," ಎಂದಳು.

ಅತ್ತೆ ಎಂಜಿನ್ ಹಾಕಿದಳು. ಅಂಗಳದಿಂದ ಯಜಮಾನಿ ಕೂಗಿದರು: "ಏ, ಎಲ್ಲಿಗೇ? ಇಳಿಯೇ, ಇಳಿ!" ಮಣ್ಣಿನ ರಸ್ತೆಯಲ್ಲಿ ವ್ಯಾನ್ ಕುಣಿಯಲು ಶುರುವಾದಾಗ ಆ ಸೊಸೆ ಭರಣಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಯಿಂದ ಅಪ್ಪಿಕೊಂಡಳು.

"ನೀವೂ ಮುಟ್ಟಿದ್ರಲ್ಲ," ಎಂದೆ.

"ಹಾಳಾಗೋದಾದ್ರೆ ಇಬ್ಬರ ಕೈಯಲ್ಲೂ ಹಾಳಾಗ್ಲಿ. ಸರಿಯಾಗಿ ಹಾಳಾಗ್ತದೆ."

ಹೊಳೆಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತೆವು. ಅವಳು ಇಳಿಯಲಿಲ್ಲ, ಕಿಟಕಿಯಿಂದಲೇ ನೀರು ನೋಡಿದಳು. ಮದುವೆಯಾಗಿ ಬಂದ ಮೇಲೆ ಆ ಮೂರು ದಿನದಲ್ಲಿ ಸೌದೆ ಕೊಟ್ಟಿಗೆ ಬಿಟ್ಟು ಎಲ್ಲಿಗಾದರೂ ಹೋದದ್ದು ಇದೇ ಮೊದಲು ಎಂದಳು. ವಾಪಸು ಬಿಟ್ಟಾಗ ಮನೆಯವರು ಬೈಯುವ ಮೊದಲೇ ಹೋಗಿ ಚಾಪೆಯ ಮೇಲೆ ಕೂತು, ಅಲ್ಲಿಂದಲೇ ನನಗೆ ಕೂಗಿದಳು: "ಗೆದ್ರೆ ನಂಗೊಂದು ಬಾಟ್ಲಿ!"

ಅಲ್ಲಿಂದ ಮುಂದೆ ಪಂಥ ನನ್ನೊಬ್ಬಳದ್ದಾಗಿ ಉಳಿಯಲಿಲ್ಲ.

ಕಮ್ಮರಡಿ ಕಡೆ ವೀಳ್ಯದೆಲೆಯ ವೈನ್ ಕುಡಿದೆವು, ಗಂಟಲಲ್ಲಿ ಖಾರ ಇಳಿಯಿತು. ಕೊಪ್ಪದ ಹತ್ತಿರ ಶುಂಠಿಯದು, ಅನಾನಸಿನದು. ಒಬ್ಬರ ಮನೆಯ ಬೀಟ್ರೂಟ್ ವೈನ್ ಮಾತ್ರ ಮಣ್ಣಿನ ರುಚಿ, ಅತ್ತೆ ಬಾಯಲ್ಲಿ ಇಟ್ಟುಕೊಂಡು ಉಗುಳಲೂ ಆಗದೆ ನುಂಗಲೂ ಆಗದೆ ನಿಂತಳು. ಎಲ್ಲ ಬರೆದುಕೊಂಡೆ: ಹಣ್ಣು, ಸಕ್ಕರೆ, ಎಷ್ಟು ವಾರ, ಯಾರು ಮಾಡಿದ್ದು. ಮಾಡಿದವರೆಲ್ಲ ಹೆಂಗಸರೇ. ಎಲ್ಲ ಮನೆಯಲ್ಲೂ ಭರಣಿ ಹಾಳಾದ ಕತೆ ಒಂದಾದರೂ ಇತ್ತು, ಪ್ರತಿ ಕತೆಯಲ್ಲೂ ಒಬ್ಬ ಸೊಸೆಯೋ ಮಗಳೋ ಸಿಕ್ಕಿಬಿದ್ದಿದ್ದಳು. ಮುಟ್ಟಿದ್ದು ಕಂಡವರು ಯಾರೂ ಇಲ್ಲ. ಹಾಳಾದದ್ದೇ ಸಾಕ್ಷಿ.

ಎನ್.ಆರ್. ಪುರಕ್ಕೆ ಬರುವಾಗ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ಅತ್ತೆ ಗಟ್ಟಿಯಾಗಿ ಬ್ರೇಕ್ ಹಾಕಿದಳು. ಹಿಂದೆ ಧಡ್ ಎಂದಿತು. ಭರಣಿ ಉರುಳಿರಲಿಲ್ಲ, ಆದರೆ ಕಟ್ಟಿದ ಬಟ್ಟೆಯ ಸುತ್ತ ನೇರಳೆ ನೊರೆ ಉಕ್ಕಿ ಹಲಗೆಯ ಮೇಲೆ ಹರಿದಿತ್ತು. ಹಾಳಾಯಿತು ಎಂದುಕೊಂಡೆ. ಹಿತ್ತಿಲ ಜಗಲಿಯ ಆ ಮೂಲೆ, ಆ ಚಾಪೆ, ಬದುಕಿರುವವರೆಗೂ ಎಂದು ನಾನೇ ಹೇಳಿದ ಮಾತು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು.

ಹಿನ್ನೀರಿನ ದಂಡೆಯಲ್ಲಿ ವ್ಯಾನ್ ನಿಲ್ಲಿಸಿದೆವು. ಕೈಗೆಲ್ಲ ನೊರೆ ಅಂಟಿತ್ತು, ನೀರಿಗಿಳಿದು ತೊಳೆದುಕೊಂಡು ಬಂದು ಭರಣಿಯ ಬಟ್ಟೆ ಬಿಚ್ಚಲು ಹೋದೆ. ಅತ್ತೆ ನನ್ನ ಕೈಗೆ ಫಟ್ಟನೆ ಹೊಡೆದಳು.

"ಒದ್ದೆ ಕೈ! ಉಪ್ಪಿನಕಾಯಿ ಭರಣಿಗಾದ್ರೆ ಒದ್ದೆ ಕೈ ಹಾಕ್ತೀಯಾ? ಮೊದ್ಲು ಒರೆಸ್ಕೋ. ಮತ್ತೆ ಅದನ್ನ ಬಿಚ್ಚಿ ಬಿಚ್ಚಿ ಎಂತ ನೋಡೋದು? ಒಳಗೆ ಗಾಳಿ ಹೋಗ್ತದೆ."

ನಾನು ಒದ್ದೆ ಕೈ ಹಿಡಿದುಕೊಂಡು ಹಾಗೇ ನಿಂತೆ. ಉಪ್ಪಿನಕಾಯಿಯ ವಿಷಯ ಎಲ್ಲರಿಗೂ ಗೊತ್ತು, ಅಜ್ಜಿಗೂ ಗೊತ್ತು. ಉಪ್ಪಿನಕಾಯಿ ತೆಗೆಯುವುದು ಅಮ್ಮ, ಒಣ ಮರದ ಚಮಚದಲ್ಲಿ. ಕಷಾಯ ಮಾತ್ರ ಅಜ್ಜಿಯದು. ಅದಕ್ಕೆ ಮಡಿ ಬೇಕು. ಮಡಿ ಎಂದರೆ ಒದ್ದೆ ಸೀರೆ, ಒದ್ದೆ ಕೈ, ಆಗಷ್ಟೇ ತೊಳೆದ ಸೌಟು. ದಿನಾ ಬೆಳಿಗ್ಗೆ, ಮೂರು ವಾರ. ಮೈಲಿಗೆ ತಾಗದಿರಲಿ ಎಂದು ಅವಳು ದಿನಕ್ಕಿಷ್ಟು ಬಾವಿ ನೀರನ್ನು ಭರಣಿಗೆ ಇಳಿಸುತ್ತಿದ್ದಳು.

"ಅತ್ತೆ," ಎಂದೆ, "ಭರಣಿ ಹಾಳು ಮಾಡ್ತಿದ್ದದ್ದು ಅಜ್ಜಿಯ ಮಡಿ."

ಅತ್ತೆ, "ಚಿಕ್ಕವಳಿದ್ದಾಗ ನನ್ನ ಮೇಲೂ ಎಷ್ಟು ಸಲ ತಪ್ಪು ಹಾಕಿದ್ಲು ಗೊತ್ತುಂಟಾ," ಎಂದು ನೀರಿನ ಕಡೆ ನೋಡುತ್ತ ಕೂತಳು. ನಾವು ಭರಣಿಯ ಹೊರಮೈ ಮಾತ್ರ ಒಣಬಟ್ಟೆಯಿಂದ ಒರೆಸಿ, ಮೇಲೊಂದು ಬಟ್ಟೆ ಕಟ್ಟಿ ಇಟ್ಟೆವು. ಮೂರು ವಾರ ತುಂಬುವವರೆಗೆ ಬಿಚ್ಚಲಿಲ್ಲ.

ಮೇ ಮುಗಿಯುವ ಮೊದಲು ಮನೆಗೆ ಬಂದೆವು. ಅಜ್ಜಿ ಭರಣಿಯನ್ನು ಅಂಗಳದಲ್ಲೇ ಇಡಿಸಿದಳು. ತಾನೇ ಅದರ ಬಟ್ಟೆ ಬಿಚ್ಚಿದಳು, ಮೂಸಿದಳು, ಸೋಸಿದಳು. ಲೋಟ ಎತ್ತಿ ಬಾಯಿಗೆ ಬಿಟ್ಟುಕೊಂಡಳು. ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು, ಅಪ್ಪನ ಕೈಯಲ್ಲಿ ಆವತ್ತು ಪೇಪರ್ ಇರಲಿಲ್ಲ. ಅಜ್ಜಿಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಮತ್ತೊಂದು ಗುಟುಕು ತೆಗೆದುಕೊಂಡಳು. ಪರೀಕ್ಷೆಗೆ ಒಂದೇ ಗುಟುಕು ಸಾಕಿತ್ತು.

"ಹುಳಿಯಾಗ್ಲಿಲ್ಲ," ಎಂದಳು. "ಲವಂಗ ಜಾಸ್ತಿ ಆಯ್ತು."

"ಲವಂಗ ನಿನ್ನ ಅಳತೆಯದ್ದೇ."

"ಆದ್ರೆ ಇದು ಲೆಕ್ಕಕ್ಕಿಲ್ಲ ಕೂಸೇ. ಇದನ್ನ ಹಾಕಿದ್ದು ವ್ಯಾನಲ್ಲಿ. ವ್ಯಾನು ಅಂದ್ರೆ ಹೊರಗೇ ಆಯ್ತಲ್ಲ. ನೀನೂ ಹೊರಗೆ, ಭರಣಿಯೂ ಹೊರಗೆ. ಮನೆ ಒಳಗಿನ ಭರಣಿಗೆ ಬೇರೆ ನಿಯಮ."

"ಸೂರಿನ ಕೆಳಗೆ ಬೇಡ ಅಂದವಳು ನೀನು!"

"ಅಂದೆ. ಅಂದದ್ದು ಸರಿಯಾಗೇ ಇದೆ."

ಅಪ್ಪ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಚನ್ನೆಮಣೆಯಲ್ಲಿ ಸೋತಾಗ ಅಜ್ಜಿ ಆಟವೇ ಶುರುವಾಗಿರಲಿಲ್ಲ ಎನ್ನುವುದನ್ನು ನಾನು ಮೊದಲೂ ಕಂಡಿದ್ದೆ. ಭರಣಿಯನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡೆ.

"ಅಜ್ಜಿ, ನಿನ್ನ ಭರಣಿ ಹಾಳಾಗೋದು ನನ್ನ ನೆರಳಿಂದ ಅಲ್ಲ. ನಿನ್ನ ಒದ್ದೆ ಕೈಯಿಂದ. ಉಪ್ಪಿನಕಾಯಿಗೆ ಒದ್ದೆ ಕೈ ಹಾಕಬಾರ್ದು ಅಂತ ನಂಗೆ ಕಲಿಸಿದವಳು ನೀನೇ. ಪಂಥ ನಾನು ಗೆದ್ದಿದ್ದೇನೆ. ನೀನು ಒಪ್ಪಿದ್ರೂ ಅಷ್ಟೇ, ಒಪ್ಪದಿದ್ರೂ ಅಷ್ಟೇ."

ಭರಣಿ ಸಮೇತ ಮನೆಯೊಳಗೆ ನಡೆದು, ಉಗ್ರಾಣದಲ್ಲಿ ಅಜ್ಜಿಯ ಖಾಲಿ ಭರಣಿಯ ಪಕ್ಕದಲ್ಲಿ ಇಟ್ಟು ಬಂದೆ. ಯಾರೂ ಅಡ್ಡ ಬರಲಿಲ್ಲ. ಅಂಗಳದಲ್ಲಿ ಅಜ್ಜಿ ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು ಎಂದು ಅಮ್ಮ ಆಮೇಲೆ ಹೇಳಿದಳು.

ಮುಂದಿನ ತಿಂಗಳು ನನ್ನ ದಿನ ಬಂದಾಗ ಅಡುಗೆಮನೆಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂತೆ. ಅಜ್ಜಿ ಎದ್ದು ಹೋದಳು. ಮೂರು ದಿನ ತನ್ನ ಗಂಜಿಯನ್ನು ತಾನೇ ಬೇರೆ ಬೇಯಿಸಿಕೊಂಡು ದೇವರ ಕೋಣೆಯ ಬಾಗಿಲಲ್ಲಿ ಉಂಡಳು. ಅದರ ಮುಂದಿನ ತಿಂಗಳೂ ಹಾಗೇ. ಅಮ್ಮ ಅತ್ತಳು, ಮುದುಕಿಯನ್ನು ನೋಯಿಸಬೇಡವೇ ಎಂದಳು. ನನಗೂ ಅಜ್ಜಿಯ ಬೆನ್ನು ನೋಡಿಕೊಂಡು ಅನ್ನ ಇಳಿಯುತ್ತಿರಲಿಲ್ಲ. ಆದರೂ ಎದ್ದು ಹಿತ್ತಿಲಿಗೆ ಹೋಗಲಿಲ್ಲ. ನಾನು ಒಮ್ಮೆ ಎದ್ದರೆ ನಾರ್ವೆಯ ಸೌದೆ ಕೊಟ್ಟಿಗೆಯವಳೂ ಸೋತಂತೆ ಎನ್ನಿಸುತ್ತಿತ್ತು. ಅವಳಿಗೆ ಅತ್ತೆಯ ಕೈಯಲ್ಲಿ ಒಂದು ಬಾಟಲಿ ಆಗಲೇ ಕಳಿಸಿದ್ದೆ. ಸೌದೆಯ ಅಡಿಯಲ್ಲಿ ಬಚ್ಚಿಟ್ಟು ಮೂರು ತಿಂಗಳು ಕುಡಿದಳಂತೆ, ಆ ಮೂರು ಮೂರು ದಿನ ಮಾತ್ರ.

ಹಿತ್ತಿಲ ಮೂಲೆಯ ಚಾಪೆ ಮಳೆಗಾಲದಲ್ಲಿ ಗೆದ್ದಲು ಹಿಡಿಯಿತು. ಅಮ್ಮ ಅದನ್ನು ಬಿಸಾಡಿದಳು, ಹೊಸದು ತರಲಿಲ್ಲ. ಅವಳೂ ಏನನ್ನೂ ಘೋಷಿಸಲಿಲ್ಲ, ಸುಮ್ಮನೆ ಒಳಗೇ ಉಳಿದಳು.

ಮರುವರ್ಷ ಫೆಬ್ರವರಿಯಲ್ಲಿ ಸಂತೆಯಿಂದ ದ್ರಾಕ್ಷಿ ಬಂತು. ಅಜ್ಜಿ ಅಂಗಳದಲ್ಲಿ ಪಂಚೆ ಹಾಸಿ ಅದನ್ನು ಬಿಸಿಲಿಗೆ ಹರವಿದ್ದಳು. ಭರಣಿಯನ್ನೂ ಬಿಸಿಲಿಗೆ ಬೋರಲು ಹಾಕಿದ್ದಳು. ಹಿಂದೆ ಯಾವತ್ತೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನನ್ನು ಕರೆದಳು.

"ಕೂಸೇ, ಬಾ ಇಲ್ಲಿ. ನನ್ನ ಬೆರಳಿಗೆ ಈಗ ಶಕ್ತಿ ಇಲ್ಲ. ಹಿಸುಕು."

"ಅಜ್ಜಿ, ಇವತ್ತು ನಾನು..."

"ಅದನ್ನ ಯಾರು ಕೇಳಿದ್ರು ನಿನ್ನ ಹತ್ರ?" ಎಂದಳು, ಮುಖ ಎತ್ತದೆ. ಹೆಗಲ ಮೇಲಿದ್ದ ಒಣ ಟವೆಲನ್ನು ತೆಗೆದು ನನ್ನ ಕಡೆ ಎಸೆದಳು. "ಕೈ ಒರೆಸ್ಕೊಂಡು ಮುಟ್ಟು."